ಸುಲಭ ಲೆಕ್ಕ ಕೊಟ್ಟರೆ ಸಾಲದು

ಓದಲು ಒಲ್ಲದ ಮಕ್ಕಳಿಗೆ ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಎರಡೇ ಮದ್ದು: ಗದರಿಕೆ, ಇಲ್ಲವೇ ಬಹುಮಾನ. ಗದರಿಕೆಯ ಮಾತು ಬಿಡಿ. ಬಹುಮಾನವೂ ತಿರುಗಿಬೀಳಬಹುದೆಂದು 1973ರಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ಕಂಡುಬಂದಿತ್ತು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಕೆಲವು ಮಕ್ಕಳಿಗೆ ಸಂಶೋಧಕರು ಪ್ರಶಸ್ತಿಪತ್ರದ ಆಸೆ ತೋರಿಸಿ ಚಿತ್ರ ಬರೆಸಿದರು. ಒಂದೆರಡು ವಾರ ಬಿಟ್ಟು ನೋಡಿದರೆ, ಆ ಮಕ್ಕಳು ಚಿತ್ರಕ್ಕೆ ಕೊಡುತ್ತಿದ್ದ ಸಮಯ ಉಳಿದವರ ಅರ್ಧದಷ್ಟಿತ್ತು. ಆದರೆ ಇದು ಮೊದಲೇ ಇಷ್ಟವಿದ್ದವರ ಕಥೆ. ಗಣಿತದ ಪುಸ್ತಕ ಕಂಡರೆ ಮುಖ ತಿರುಗಿಸುವ ಹುಡುಗನ ಕಥೆ ಬೇರೆ.

ಅವನಿಗೆ ಸೋಮಾರಿ ಎಂಬ ಹಣೆಪಟ್ಟಿ ಹಚ್ಚುವ ಮುನ್ನ ಮನೋವಿಜ್ಞಾನಿ ಕರೋಲ್ ಡ್ವೆಕ್ 1975ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಬೇಕು. ಇದ್ದದ್ದು ಹನ್ನೆರಡೇ ಮಕ್ಕಳು. ಒಂದು ಸೋಲು ಎದುರಾದರೆ ಸಾಕು, ಕೈಚೆಲ್ಲಿ ಕೂರುವವರು. ಅರ್ಧದಷ್ಟು ಮಕ್ಕಳಿಗೆ ಗೆಲ್ಲಬಹುದಾದ ಲೆಕ್ಕಗಳನ್ನೇ ಕೊಟ್ಟರು. ಉಳಿದವರಿಗೆ ನಡುನಡುವೆ ಸೋಲನ್ನೂ ಉಣಿಸಿ, ‘ಇನ್ನಷ್ಟು ಪ್ರಯತ್ನ ಬೇಕಿತ್ತು’ ಎಂದು ಪ್ರತಿಸಲ ಹೇಳಿದರು. ಕೊನೆಯ ಪರೀಕ್ಷೆಯಲ್ಲಿ ಬೇಕೆಂದೇ ಸೋಲನ್ನು ತಂದಿಟ್ಟಾಗ, ಬರೀ ಗೆಲುವನ್ನು ಕಂಡಿದ್ದ ಮಕ್ಕಳು ಮತ್ತೆ ಹಿಂದಿನಂತೆಯೇ ಕುಸಿದರು. ಎರಡನೆಯ ಗುಂಪಿನವರು ಕುಸಿಯಲಿಲ್ಲ. ಕೆಲವರು ಮೊದಲಿಗಿಂತ ಚೆನ್ನಾಗಿಯೇ ಮಾಡಿದರು.

ಇದನ್ನು ಓದಿದವರು ‘ಪ್ರಯತ್ನಪಡು, ಬರುತ್ತದೆ’ ಎಂಬ ಫಲಕ ಬರೆಸಿ ಗೋಡೆಗೆ ತೂಗುಹಾಕುತ್ತಾರೆ. ಫಲಕದಿಂದ ಆಗುವುದು ಅಷ್ಟಕ್ಕಷ್ಟೆ. ಅಮೆರಿಕದಲ್ಲಿ ಸುಮಾರು 12,000 ಒಂಬತ್ತನೇ ತರಗತಿಯವರಲ್ಲಿ ಅರ್ಧದಷ್ಟು ಮಂದಿಗೆ ‘ಬುದ್ಧಿ ಬೆಳೆಸಿಕೊಳ್ಳಬಹುದಾದದ್ದು’ ಎಂದು ಒಂದು ಗಂಟೆಗೂ ಕಡಿಮೆ ಅವಧಿಯ ಆನ್‌ಲೈನ್ ಪಾಠದಲ್ಲಿ ತಿಳಿಸಿ ನೋಡಿದ್ದಾರೆ. 2019ರಲ್ಲಿ ಹೊರಬಂದ ಫಲಿತಾಂಶದಂತೆ, ಹಿಂದುಳಿದಿದ್ದವರ ಸರಾಸರಿ ಗ್ರೇಡ್ ಏರಿದ್ದು ಸುಮಾರು ನಾಲ್ಕು ಅಂಶಗಳ ಅಳತೆಯಲ್ಲಿ 0.1 ಅಂಶ. ಅಷ್ಟು ಅಗ್ಗದ ಉಪಾಯಕ್ಕೆ ಅದು ಕಡಿಮೆಯೇನಲ್ಲ, ಪವಾಡವೂ ಅಲ್ಲ. ಯಾವ ಮೆಟ್ಟಿಲಲ್ಲಿ ಕಾಲು ಜಾರಿತೆಂದೇ ತಿಳಿಯದ ಮಗು ಪ್ರಯತ್ನಪಡುವುದಾದರೂ ಎಲ್ಲಿ?

ಮೆಟ್ಟಿಲು ತೋರಿಸುವ ಕೆಲಸವನ್ನು ಕರ್ನಾಟಕ ಮಾಡಿದೆ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದು, ಯುನಿಸೆಫ್ ನೆರವಿನಿಂದ ನಲಿಕಲಿ ಎಂಬ ಕಲಿಕಾ ಪದ್ಧತಿಯನ್ನು ಶುರುಮಾಡಿದರು. ಗೋಡೆಯ ಮೇಲೊಂದು ಕಲಿಕಾ ಏಣಿ, ಅಂದರೆ ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿ. ಮಗು ಕಾರ್ಡು ಹಿಡಿದು ತನ್ನ ವೇಗದಲ್ಲಿ ಮೈಲಿಗಲ್ಲು ದಾಟುತ್ತದೆ. ಸುಗ್ಗಿಗೆಂದು ಹದಿನೈದು ದಿನ ಶಾಲೆ ತಪ್ಪಿಸಿದರೂ ಬಿಟ್ಟ ಕಾರ್ಡಿನಿಂದಲೇ ಮುಂದುವರಿಯಬಹುದು. ‘ನೀನು ಹಿಂದೆ ಬಿದ್ದೆ’ ಎಂದು ಯಾರೂ ಹೇಳಬೇಕಾಗಿಲ್ಲ. ಗದ್ದಲದ ತರಗತಿ, ಒಬ್ಬರೇ ಶಿಕ್ಷಕರ ಮೇಲೆ ಬೀಳುವ ಹೊರೆ, ಇವು ನಿಜವಾದ ದೂರುಗಳೇ. ಆದರೂ ಮಗುವಿನ ಅನಾಸಕ್ತಿಗೆ ಮಗುವನ್ನೇ ಹೊಣೆ ಮಾಡದ ಈ ಏರ್ಪಾಡು ನನಗೆ ಮೆಚ್ಚುಗೆ.

ತೊಡಕಿರುವುದು ಮುಂದೆ. ನಲಿಕಲಿ ಇರುವುದು ಮೂರನೇ ತರಗತಿಯವರೆಗೆ. ನಾಲ್ಕನೇ ತರಗತಿಗೆ ಏಣಿ ಇಲ್ಲ, ಎಲ್ಲರಿಗೂ ಒಂದೇ ಪುಟ. ಆರನೇ ತರಗತಿಯ ಭಿನ್ನರಾಶಿಯ ಮುಂದೆ ಸುಮ್ಮನೆ ಕುಳಿತ ಹುಡುಗನಿಗೆ ಹಿಂದಿನ ಭಾಗಾಕಾರ ಎಲ್ಲಿ ಕೈಕೊಟ್ಟಿದೆ ಎಂದು ಹುಡುಕಲು ಅವನ ಪಕ್ಕದಲ್ಲಿ ಕೂರಬೇಕು. ಪಠ್ಯ ಮುಗಿಸುವ ಧಾವಂತದಲ್ಲಿರುವ ಶಿಕ್ಷಕರ ವೇಳಾಪಟ್ಟಿಯಲ್ಲಿ ಅದಕ್ಕೆಂದು ಪೀರಿಯಡ್ ಇಲ್ಲ.