ಅನರ್ಹರಾದ ಶಾಸಕರು ಮತ್ತೆ ಗೆದ್ದು ಮಂತ್ರಿಯಾಗಿದ್ದು ಹೇಗೆ?

ಓದುಗರ ಪ್ರಶ್ನೆ: ಚಿಕ್ಕಬಳ್ಳಾಪುರದ ಶಾಸಕರಾಗಿದ್ದ ಡಾ. ಕೆ. ಸುಧಾಕರ್ ಅವರನ್ನು 2019ರ ಜುಲೈನಲ್ಲಿ ಅನರ್ಹ ಮಾಡಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಅದೇ ಕ್ಷೇತ್ರದಿಂದ ಅವರೇ ಗೆದ್ದರು. ಆಮೇಲೆ ಮಂತ್ರಿಯೂ ಆದರು. ಅನರ್ಹ ಅಂದ ಮೇಲೆ ಎಲೆಕ್ಷನ್‌ಗೆ ನಿಲ್ಲೋಕೆ ಬಿಟ್ಟಿದ್ದಾದರೂ ಹೇಗೆ?

ಎಲೆಕ್ಷನ್ ಹತ್ತಿರ ಬಂದಾಗೆಲ್ಲ ಈ ಪ್ರಶ್ನೆ ಎದ್ದು ಬರುತ್ತದೆ. ನಮ್ಮ ಪಕ್ಕದ ಬೀದಿಯಲ್ಲಿ ಸೇವಂತಿಗೆ ಕಟ್ಟಿ ಮಾರುವ ಅಜ್ಜಿ ಇದನ್ನೇ ಇನ್ನೊಂದು ಥರ ಕೇಳಿದ್ದರು. ಕೈ ದಾರ ಸುತ್ತುತ್ತಲೇ ಇತ್ತು, ತಲೆ ಎತ್ತಲಿಲ್ಲ. “ಫೇಲಾದ ಹುಡುಗನ್ನ ಮುಂದಿನ ಕ್ಲಾಸಲ್ಲಿ ಕೂರಿಸಿದ ಹಾಗಾಯ್ತಲ್ಲಪ್ಪಾ?” ಅಂದರು.

ಸುಮ್ನೆ ಕೂರಿಸಲಿಲ್ಲ ಅಜ್ಜಿ, ಸಪ್ಲಿಮೆಂಟರಿ ಬರೆಸಿದರು ಅಂದೆ.

ಚಿಕ್ಕ ಉತ್ತರ ಇಷ್ಟೇ. ಆದರೆ ಹುಡುಗನನ್ನು ಹೆಚ್ಚುಕಮ್ಮಿ ನಾಲ್ಕು ವರ್ಷಕ್ಕೆ ಡಿಬಾರ್ ಮಾಡಿ ಅಂತ ಹೆಡ್‌ಮಾಸ್ಟರ್ ಬರೆದಿಟ್ಟಿದ್ದರು. ಆ ಡಿಬಾರ್ ಹೇಗೆ ಹೋಯಿತು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಯ ನಿಜವಾದ ಉತ್ತರ ಇದೆ.

ಮೊದಲು ಈ ‘ಅನರ್ಹ’ ಅನ್ನುವ ಪದದ ತಂಟೆ ಮುಗಿಸೋಣ. ಕಿವಿಗೆ ಅದು ನಾಲಾಯಕ್ ಅಂದ ಹಾಗೇ ಕೇಳಿಸುತ್ತದೆ. ಈ ಮನುಷ್ಯ ಇನ್ನು ಯಾವ ಕುರ್ಚಿಗೂ ಲಾಯಕ್ಕಲ್ಲ ಅಂತ ಯಾರೋ ತೀರ್ಪು ಕೊಟ್ಟ ಹಾಗೆ. ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಅದರ ಅರ್ಥ ಅಷ್ಟು ದೊಡ್ಡದಲ್ಲ. ‘ಈ ಸದನದ ಸದಸ್ಯನಾಗಿ ಮುಂದುವರಿಯುವ ಹಾಗಿಲ್ಲ’ ಅಂತ ಮಾತ್ರ. ಜನ ಒಂದು ಪಕ್ಷದ ಚಿಹ್ನೆ ನೋಡಿ ಕೊಟ್ಟ ಸೀಟನ್ನು ಆ ಪಕ್ಷ ಬಿಟ್ಟೆ ಅಂತ ಕಿತ್ತುಕೊಳ್ಳುತ್ತಾರೆ. ಎಲೆಕ್ಷನ್‌ಗೆ ನಿಲ್ಲುವ ಹಕ್ಕು ಬೇರೆ ವಿಷಯ. ಕ್ರಿಮಿನಲ್ ಕೇಸಿನಲ್ಲಿ ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದವರ ಕಥೆಯೇ ಬೇರೆ. ಜೈಲಿಂದ ಬಿಡುಗಡೆಯಾದ ಮೇಲೂ ಆರು ವರ್ಷ ಅವರು ನಿಲ್ಲುವ ಹಾಗಿಲ್ಲ. ಅದು ಜನಪ್ರತಿನಿಧಿ ಕಾಯ್ದೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಪದ ಬಳಸುತ್ತೇವೆ, ಗೊಂದಲ ಅಲ್ಲೇ ಶುರುವಾಗುತ್ತದೆ. 2019ರಲ್ಲಂತೂ ಟೀವಿಯವರು ಇದೇ ಜನರನ್ನು ಮೊದಲು ‘ಅತೃಪ್ತರು’ ಅಂದರು, ಆಮೇಲೆ ‘ಅನರ್ಹರು’ ಅಂದರು, ಡಿಸೆಂಬರ್‌ನಲ್ಲಿ ‘ಅರ್ಹರು’ ಅಂದರು, ಕೊನೆಗೆ ‘ವಲಸಿಗರು’ ಅಂದರು. ಒಂದೇ ಮುಖಕ್ಕೆ ಒಂದು ವರ್ಷದೊಳಗೆ ನಾಲ್ಕು ಹೆಸರು.

ಈಗ ಆ ಜುಲೈ ತಿಂಗಳಿಗೆ ಬರೋಣ.

ಪೇರೇಸಂದ್ರದ ಸುಧಾಕರ್ 2013ರಲ್ಲಿ ಮೊದಲ ಸಲ ಕಾಂಗ್ರೆಸ್‌ನಿಂದ ಗೆದ್ದರು. 2018ರಲ್ಲೂ ಗೆದ್ದರು. ಆ ಸಲ ರಾಜ್ಯದಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿಗೆ 104 ಸೀಟು ಬಂದರೂ ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಸರ್ಕಾರ ಮಾಡಿದವು, ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ವರ್ಷ ತುಂಬುವಷ್ಟರಲ್ಲಿ ಅತೃಪ್ತಿ ಹೊಗೆಯಾಡಲು ಶುರುವಾಯಿತು. 2019ರ ಜುಲೈ ಮೊದಲ ವಾರದಲ್ಲಿ ಶಾಸಕರು ಸಾಲಾಗಿ ರಾಜೀನಾಮೆ ಪತ್ರ ಹಿಡಿದು ಸ್ಪೀಕರ್ ಕಚೇರಿಗೆ ಹೋದರು. ಜುಲೈ 10ರಂದು ಸುಧಾಕರ್ ಮತ್ತು ಹೊಸಕೋಟೆಯ ಎಂ.ಟಿ.ಬಿ. ನಾಗರಾಜ್ ಸರದಿ. ಸುಧಾಕರ್ ರಾಜೀನಾಮೆ ಕೊಟ್ಟು ಹೊರಗೆ ಬರುತ್ತಿದ್ದಂತೆ ಕಾಂಗ್ರೆಸ್ ನಾಯಕರು ಅವರನ್ನು ಸುತ್ತುವರಿದು, ವಿಧಾನಸೌಧದಲ್ಲೇ ಆಗ ಮಂತ್ರಿಯಾಗಿದ್ದ ಕೆ.ಜೆ. ಜಾರ್ಜ್ ಅವರ ಕೊಠಡಿಗೆ ಕರೆದುಕೊಂಡು ಹೋದರು. ಆ ದೃಶ್ಯವನ್ನು ನಮ್ಮೂರಲ್ಲಿ ಟೀವಿ ಮುಂದೆ ಕೂತು ನೋಡಿದವರಿಗೆ ಇವತ್ತಿಗೂ ನೆನಪಿದೆ.

ರಾಜೀನಾಮೆಯೇ ಯಾಕೆ? ಸೀದಾ ಪಕ್ಷ ಬದಲಾಯಿಸಬಹುದಿತ್ತಲ್ವಾ? ಆಗುವುದಿಲ್ಲ. 1985ರಲ್ಲಿ ಸಂವಿಧಾನದ 52ನೇ ತಿದ್ದುಪಡಿಯಲ್ಲಿ ಹತ್ತನೇ ಶೆಡ್ಯೂಲ್, ಅಂದರೆ ಇದೇ ಪಕ್ಷಾಂತರ ನಿಷೇಧ ಕಾನೂನು, ಬಂತು. ಪಕ್ಷವನ್ನು ತಾನಾಗಿ ಬಿಟ್ಟರೆ ಅಥವಾ ವಿಪ್ (ಸದನದಲ್ಲಿ ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿದರೆ ಸೀಟು ಹೋಗುತ್ತದೆ ಅಂತ ಅದು ಹೇಳುತ್ತದೆ. ಮೊದಲು ಮೂರನೇ ಒಂದು ಭಾಗ ಶಾಸಕರು ಒಟ್ಟಿಗೆ ಹೊರಟರೆ ‘ಪಕ್ಷ ಒಡೆದಿದೆ’ ಅಂತ ಬಚಾವಾಗುತ್ತಿದ್ದರು. 2003ರ 91ನೇ ತಿದ್ದುಪಡಿ ಆ ಕಿಂಡಿ ಮುಚ್ಚಿತು. ಈಗ ಮೂರನೇ ಎರಡು ಭಾಗ ಶಾಸಕರು ಸೇರಿ ಇನ್ನೊಂದು ಪಕ್ಷದಲ್ಲಿ ವಿಲೀನವಾದರೆ ಮಾತ್ರ ಸೀಟು ಉಳಿಯುತ್ತದೆ. ಅಂದರೆ ಕಾಂಗ್ರೆಸ್‌ನಿಂದ ಐವತ್ತಕ್ಕೂ ಹೆಚ್ಚು ಜನ ಒಟ್ಟಿಗೆ ಹೊರಡಬೇಕಿತ್ತು. ಇದ್ದದ್ದು ಬೆರಳೆಣಿಕೆಯ ಜನ. ಆದ್ದರಿಂದ ಸೀಟು ಬಿಟ್ಟುಕೊಟ್ಟು, ಇನ್ನೊಂದು ಪಕ್ಷದಿಂದ ಮತ್ತೆ ನಿಂತು ಗೆಲ್ಲುವ ದಾರಿ ಹಿಡಿದರು. ಕರ್ನಾಟಕಕ್ಕೆ ಈ ದಾರಿ ಹೊಸದೇನಲ್ಲ. 2008ರಲ್ಲೇ ‘ಆಪರೇಷನ್ ಕಮಲ’ ಅಂತ ಇದಕ್ಕೆ ಹೆಸರು ಬಿದ್ದಿತ್ತು.

ಇಲ್ಲಿ ಹೆಡ್‌ಮಾಸ್ಟರ್ ಪ್ರವೇಶ. ಸ್ಪೀಕರ್ ಆಗಿದ್ದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ರಮೇಶ್ ಕುಮಾರ್. 2007ರವರೆಗೆ ಚಿಕ್ಕಬಳ್ಳಾಪುರವೂ ಕೋಲಾರ ಜಿಲ್ಲೆಯಲ್ಲೇ ಇತ್ತು. ಹಾಗೆ ನೋಡಿದರೆ ಇದು ಒಂದೇ ಹಳೇ ಜಿಲ್ಲೆಯ ಇಬ್ಬರ ನಡುವಿನ ಕಥೆ. ರಮೇಶ್ ಕುಮಾರ್ ಆ ಕುರ್ಚಿಗೆ ಹೊಸಬರಲ್ಲ. 1994ರಿಂದ 99ರವರೆಗೂ ಸ್ಪೀಕರ್ ಆಗಿದ್ದವರು. ಪತ್ರಗಳನ್ನು ನೋಡಿ, ಮೊದಲ ಕಂತಿನಲ್ಲಿ ಬಂದ 13ರಲ್ಲಿ 8 ನಿಗದಿತ ನಮೂನೆಯಲ್ಲಿಲ್ಲ ಅಂದರು. ಉಳಿದವನ್ನೂ ತಕ್ಷಣ ಒಪ್ಪಲಿಲ್ಲ. ರಾಜೀನಾಮೆ ಸ್ವಂತ ಇಚ್ಛೆಯದ್ದೋ, ಅಸಲಿಯೋ ಅಂತ ವಿಚಾರಿಸುವ ಅಧಿಕಾರ ಸಂವಿಧಾನದ 190ನೇ ವಿಧಿಯಲ್ಲಿ ಸ್ಪೀಕರ್‌ಗೆ ಇದೆ. ಅಷ್ಟರಲ್ಲಿ ಇವರನ್ನೆಲ್ಲ ಅನರ್ಹ ಮಾಡಿ ಅಂತ ಪಕ್ಷಗಳಿಂದ ದೂರು ಬಂತು. ಜುಲೈ 23ರಂದು ವಿಶ್ವಾಸಮತ. ಅತೃಪ್ತರು ಸದನಕ್ಕೆ ಬರಲಿಲ್ಲ. 99ಕ್ಕೆ 105, ಸರ್ಕಾರ ಬಿತ್ತು. 26ಕ್ಕೆ ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು.

ಜುಲೈ 25ರಂದು ಮೂವರು, 28ರ ಭಾನುವಾರ ಸುಧಾಕರ್ ಸೇರಿ 14 ಜನ ಅನರ್ಹರಾದರು. ಒಟ್ಟು 17. ಮರುದಿನ ಯಡಿಯೂರಪ್ಪ ಬಹುಮತ ತೋರಿಸಿದರು, ರಮೇಶ್ ಕುಮಾರ್ ಸ್ಪೀಕರ್ ಸ್ಥಾನ ಬಿಟ್ಟರು. ಲೆಕ್ಕ ನೋಡಿ: 224ರಲ್ಲಿ 17 ಹೋದರೆ 207, ಬಹುಮತಕ್ಕೆ 104 ಸಾಕು. ಬಿಜೆಪಿ ಕೈಯಲ್ಲಿ 105 ಇತ್ತು.

ಸ್ಪೀಕರ್ ಆದೇಶದಲ್ಲಿ ಎರಡು ಮಾತಿತ್ತು. ಒಂದು, ಇವರು ಅನರ್ಹರು. ಎರಡು, ಆ ವಿಧಾನಸಭೆಯ ಅವಧಿ ಮುಗಿಯುವ ತನಕ, ಅಂದರೆ 2023ರವರೆಗೆ, ಇವರು ನಿಲ್ಲುವ ಹಾಗಿಲ್ಲ. ಈ ಎರಡನೇ ಮಾತೇ ನಾನು ಮೇಲೆ ಹೇಳಿದ ಡಿಬಾರ್.

ಹದಿನೇಳೂ ಜನ ಸುಪ್ರೀಂ ಕೋರ್ಟಿಗೆ ಹೋದರು. ಅಕ್ಟೋಬರ್‌ನಲ್ಲಿ ಆಗಬೇಕಿದ್ದ ಉಪಚುನಾವಣೆ ಡಿಸೆಂಬರ್‌ಗೆ ಹೋಯಿತು. ನವೆಂಬರ್ 13ರಂದು ನ್ಯಾಯಮೂರ್ತಿ ಎನ್.ವಿ. ರಮಣ ಅವರಿದ್ದ ಮೂವರ ಪೀಠ ತೀರ್ಪು ಕೊಟ್ಟಿತು. ಎರಡೂ ಕಡೆಯವರು ಗೆದ್ದೆವು ಅಂದುಕೊಂಡ ತೀರ್ಪು ಅದು. ನನ್ನ ಲೆಕ್ಕದಲ್ಲಿ ಇಬ್ಬರೂ ಅರ್ಧ ಅರ್ಧ ಸೋತರು.

ರಾಜೀನಾಮೆ ಕೊಟ್ಟಾಯಿತು, ಇನ್ನು ಅನರ್ಹ ಮಾಡೋದೇನು ಅಂತ ಶಾಸಕರು ವಾದಿಸಿದ್ದರು. ಕೋರ್ಟು ಒಪ್ಪಲಿಲ್ಲ. ಪಕ್ಷ ಬಿಟ್ಟ ನಡವಳಿಕೆ ಮೊದಲೇ ಕಂಡಿದ್ದರೆ, ಆಮೇಲೆ ಪತ್ರ ಕೊಟ್ಟರೂ ತಪ್ಪು ಅಳಿಸಿಹೋಗುವುದಿಲ್ಲ ಅಂದಿತು. ಪರೀಕ್ಷೆಯಲ್ಲಿ ಚೀಟಿ ಸಿಕ್ಕ ಮೇಲೆ ‘ನಾನೇ ಹಾಲ್‌ನಿಂದ ಎದ್ದು ಹೋಗ್ತೀನಿ ಸಾರ್’ ಅಂದರೆ ಕೇಸು ಮುಗಿಯುತ್ತದೆಯೇ, ಹಾಗೆ. ಆದರೆ 2023ರವರೆಗೆ ಅನ್ನುವ ಸಾಲನ್ನು ಕೋರ್ಟು ಹೊಡೆದು ಹಾಕಿತು. ಅನರ್ಹತೆ ಎಷ್ಟು ಕಾಲ ಅಂತ ನಿಗದಿ ಮಾಡುವ ಅಧಿಕಾರ ಹತ್ತನೇ ಶೆಡ್ಯೂಲ್ ಸ್ಪೀಕರ್‌ಗೆ ಕೊಟ್ಟಿಲ್ಲ. ಫೇಲ್ ಮಾಡಬಹುದು, ಡಿಬಾರ್ ಮಾಡೋ ಹಾಗಿಲ್ಲ. ಸ್ಪೀಕರ್‌ಗಳು ತಟಸ್ಥವಾಗಿ ಇರಬೇಕಾದ ತಮ್ಮ ಕರ್ತವ್ಯಕ್ಕೆ ವಿರುದ್ಧವಾಗಿ ನಡೆಯುವ ಪ್ರವೃತ್ತಿ ಬೆಳೆಯುತ್ತಿದೆ ಅಂತಲೂ ಕೋರ್ಟು ಬೇಸರ ತೋಡಿಕೊಂಡಿತು.

ಹಾಗಾದರೆ ಸ್ಪೀಕರ್ ಆದೇಶ ನೀರಿನ ಮೇಲಿನ ಬರಹವಾಯಿತಾ? ತುಂಬಾ ಜನ ಹಾಗೇ ಅಂದುಕೊಂಡಿದ್ದಾರೆ. ಆದರೆ ಈ ಕಾನೂನಿಗೆ ಒಂದು ಹಲ್ಲಿದೆ, ಅದು ಕಚ್ಚಿದ್ದು ಬೇರೆ ಕಡೆ.

ಶಾಸಕರಲ್ಲದವರೂ ಆರು ತಿಂಗಳ ಮಟ್ಟಿಗೆ ಮಂತ್ರಿಯಾಗಬಹುದು ಅಂತ ನಿಮಗೆ ಗೊತ್ತಿರುತ್ತದೆ. ಬರೀ ರಾಜೀನಾಮೆ ಅಂಗೀಕಾರವಾಗಿದ್ದರೆ ಈ ಬಾಗಿಲು ಇವರಿಗೆ ಮರುದಿನವೇ ತೆರೆದಿರುತ್ತಿತ್ತು. ಅನರ್ಹರಾದವರಿಗೆ ಆ ಬಾಗಿಲಿಲ್ಲ. 91ನೇ ತಿದ್ದುಪಡಿಯಲ್ಲೇ ಸೇರಿದ 164ನೇ ವಿಧಿಯ 1ಬಿ ಉಪವಿಧಿ ಹೇಳುವುದು ಇಷ್ಟು: ಅವಧಿ ಮುಗಿಯಬೇಕು, ಇಲ್ಲವೇ ಮತ್ತೆ ಚುನಾವಣೆಯಲ್ಲಿ ಗೆದ್ದು ಬರಬೇಕು. ಅಲ್ಲಿಯ ತನಕ ಮಂತ್ರಿಗಿರಿ ಇಲ್ಲ. ಸ್ಪೀಕರ್ ಬರೀ ರಾಜೀನಾಮೆ ಒಪ್ಪುವುದಕ್ಕೂ ಅನರ್ಹ ಮಾಡುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಉದಾಹರಣೆ ನಮ್ಮ ಕಡೆಯೇ ಇದೆ. ಮುಳಬಾಗಿಲಿನ ಎಚ್. ನಾಗೇಶ್ 2018ರಲ್ಲಿ ಪಕ್ಷೇತರರಾಗಿ ಗೆದ್ದವರು. ಕುಮಾರಸ್ವಾಮಿ ಸರ್ಕಾರದಲ್ಲಿ ಮಂತ್ರಿಯಾಗಿದ್ದರು, ಅದೇ ಜುಲೈನಲ್ಲಿ ಅವರೂ ಬೆಂಬಲ ವಾಪಸ್ ತೆಗೆದುಕೊಂಡರು. ಆದರೆ ಬಿಡುವುದಕ್ಕೆ ಅವರಿಗೆ ಪಕ್ಷವೇ ಇರಲಿಲ್ಲ. ಪಕ್ಷೇತರರು ಗೆದ್ದ ಮೇಲೆ ಯಾವುದಾದರೂ ಪಕ್ಷ ಸೇರಿದರೆ ಮಾತ್ರ ಸಿಕ್ಕಿಬೀಳುತ್ತಾರೆ, ಬರೀ ಬೆಂಬಲ ಕೊಟ್ಟರೆ ಇಲ್ಲ. ಆಗಸ್ಟ್ 20ರಂದು ಯಡಿಯೂರಪ್ಪ ಸಂಪುಟದಲ್ಲಿ ನಾಗೇಶ್ ಪ್ರಮಾಣವಚನ ತೆಗೆದುಕೊಂಡರು, ಅಬಕಾರಿ ಖಾತೆಯೂ ಸಿಕ್ಕಿತು. ಎರಡು ಸರ್ಕಾರ, ಎರಡರಲ್ಲೂ ಮಂತ್ರಿ, ನಡುವೆ ಒಂದು ಎಲೆಕ್ಷನ್ನೂ ಇಲ್ಲ. ಸುಧಾಕರ್ ಪ್ರಮಾಣವಚನಕ್ಕೆ 2020ರ ಫೆಬ್ರವರಿ 6ರವರೆಗೆ ಕಾಯಬೇಕಾಯಿತು, ಅದೂ ನಡುವೆ ಒಂದು ಉಪಚುನಾವಣೆ ಗೆದ್ದು.

ಇನ್ನೂ ಚೆನ್ನಾಗಿ ಕಾಣುವುದು ಎ.ಎಚ್. ವಿಶ್ವನಾಥ್ ಮತ್ತು ಎಂ.ಟಿ.ಬಿ. ನಾಗರಾಜ್ ಅವರ ವಿಷಯದಲ್ಲಿ. ಇಬ್ಬರೂ ಅನರ್ಹರು, ಇಬ್ಬರೂ ಉಪಚುನಾವಣೆಯಲ್ಲಿ ಸೋತರು, ಇಬ್ಬರೂ ವಿಧಾನ ಪರಿಷತ್ತಿಗೆ ಬಂದರು. ಆದರೆ ನಾಗರಾಜ್ ಬಂದಿದ್ದು ಶಾಸಕರಿಂದ ಚುನಾಯಿತರಾಗಿ, ವಿಶ್ವನಾಥ್ ಬಂದಿದ್ದು ನಾಮನಿರ್ದೇಶನದಿಂದ. ನಾಮನಿರ್ದೇಶನ ಅಂದರೆ ಚುನಾವಣೆ ಗೆದ್ದ ಹಾಗಲ್ಲ, ಇವರು ಮಂತ್ರಿಯಾಗುವಂತಿಲ್ಲ ಅಂತ ಹೈಕೋರ್ಟ್ ಹೇಳಿತು. ಸುಪ್ರೀಂ ಕೋರ್ಟೂ ಅದರಲ್ಲಿ ಕೈ ಹಾಕಲಿಲ್ಲ. ನಾಗರಾಜ್ 2021ರ ಜನವರಿಯಲ್ಲಿ ಮಂತ್ರಿಯಾದರು, ವಿಶ್ವನಾಥ್ ಆಗಲಿಲ್ಲ. ಪರಿಷತ್ತಿನಲ್ಲಿ ಕೂರುವ ಕುರ್ಚಿ ಒಂದೇ, ಒಳಗೆ ಬಂದ ಬಾಗಿಲು ಬೇರೆ.

ಚಿಕ್ಕಬಳ್ಳಾಪುರಕ್ಕೆ ವಾಪಸ್ ಬರೋಣ. ತೀರ್ಪು ಬಂದ ಮರುದಿನವೇ ಅನರ್ಹರಲ್ಲಿ ಹೆಚ್ಚಿನವರು ಬಿಜೆಪಿ ಸೇರಿದರು. ಡಿಸೆಂಬರ್ 5ಕ್ಕೆ ಆ 17ರಲ್ಲಿ 15 ಕ್ಷೇತ್ರಗಳಲ್ಲಿ ಮತದಾನ, 9ಕ್ಕೆ ಎಣಿಕೆ. ಬಿಜೆಪಿ 12 ಗೆದ್ದಿತು. ಸುಧಾಕರ್ ಗೆಲುವಿನ ಅಂತರ 34 ಸಾವಿರ ದಾಟಿತ್ತು. ಚಿಕ್ಕಬಳ್ಳಾಪುರದ ವಿಧಾನಸಭೆ ಎಲೆಕ್ಷನ್‌ಗಳಲ್ಲಿ ಅಲ್ಲಿಯವರೆಗೆ ಬಿಜೆಪಿ ಅಂದರೆ ಅಷ್ಟಕ್ಕಷ್ಟೇ. ಹಸ್ತದ ಗುರುತಿಗೆ ಒತ್ತಿ ಅಭ್ಯಾಸವಾದ ಬೆರಳನ್ನು ಕಮಲಕ್ಕೆ ತಿರುಗಿಸೋದು ಸುಲಭದ ಕೆಲಸವಲ್ಲ. ಆಗ ಊರಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಮೆಡಿಕಲ್ ಕಾಲೇಜು. ಕನಕಪುರಕ್ಕೆ ಅಂತ ಇದ್ದ ಕಾಲೇಜನ್ನು ಯಡಿಯೂರಪ್ಪ ಸರ್ಕಾರ ಚಿಕ್ಕಬಳ್ಳಾಪುರಕ್ಕೆ ಕೊಟ್ಟಿತ್ತು. ಡಿ.ಕೆ. ಶಿವಕುಮಾರ್ ಸಿಟ್ಟಾಗಿದ್ದರು. ಹತ್ತನೇ ಶೆಡ್ಯೂಲ್ ಬಗ್ಗೆ ಪ್ರಚಾರದಲ್ಲಿ ಎಷ್ಟೇ ಭಾಷಣವಾದರೂ, ಟೀ ಅಂಗಡಿಯಲ್ಲಿ ನಾನು ಕೇಳಿದ್ದು ಕಾಲೇಜಿನ ಮಾತೇ ಜಾಸ್ತಿ.

ಫೆಬ್ರವರಿಯಲ್ಲಿ ಗೆದ್ದು ಬಂದವರಲ್ಲಿ ಹತ್ತು ಜನ ಮಂತ್ರಿಗಳಾದರು. ಸುಧಾಕರ್‌ಗೆ ವೈದ್ಯಕೀಯ ಶಿಕ್ಷಣ ಖಾತೆ. ಕೆಲವೇ ವಾರಗಳಲ್ಲಿ ಕೋವಿಡ್ ಬಂತು. ಅದೇ ಅಕ್ಟೋಬರ್‌ನಲ್ಲಿ ಆರೋಗ್ಯ ಖಾತೆಯೂ ಅವರ ಕೈಗೆ ಬಂತು.

ಕೋರ್ಟು ಬೇಡ ಅಂದಿದ್ದ ಆ 2023 ಕೊನೆಗೂ ಬಂತು. ಮೇ 13ರ ಎಣಿಕೆಯಲ್ಲಿ ಸುಧಾಕರ್ ಕಾಂಗ್ರೆಸ್‌ನ ಪ್ರದೀಪ್ ಈಶ್ವರ್ ಅವರಿಗೆ ಸೋತರು. ಅದೇ ದಿನ ಶ್ರೀನಿವಾಸಪುರದಲ್ಲಿ ರಮೇಶ್ ಕುಮಾರ್ ತಮ್ಮ ಹಳೇ ಎದುರಾಳಿ, ಜೆಡಿಎಸ್‌ನ ವೆಂಕಟಶಿವಾರೆಡ್ಡಿ ಅವರಿಗೆ ಸೋತರು. ಅನರ್ಹ ಮಾಡಿದವರು, ಅನರ್ಹರಾದವರು ಇಬ್ಬರೂ ಒಂದೇ ಮಧ್ಯಾಹ್ನ ಮಾಜಿಗಳು. ಒಂದು ವರ್ಷ ಕಳೆದ ಮೇಲೆ, 2024ರಲ್ಲಿ, ಸುಧಾಕರ್ ಒಂದೂವರೆ ಲಕ್ಷಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಚಿಕ್ಕಬಳ್ಳಾಪುರದ ಸಂಸದರಾದರು. ಪಕ್ಷಾಂತರದ ಕಾನೂನು ಸಂಸದರಿಗೂ ಅದೇ. ಅಲ್ಲಿ ತೀರ್ಮಾನ ಮಾಡುವವರು ಲೋಕಸಭೆ ಸ್ಪೀಕರ್.

ಅಜ್ಜಿಗೆ ಇದನ್ನೆಲ್ಲ ಸಪ್ಲಿಮೆಂಟರಿ ಭಾಷೆಯಲ್ಲೇ ಹೇಳಿ ಮುಗಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಅದೆಲ್ಲಾ ಸರಿ, ಸಪ್ಲಿಮೆಂಟರಿ ಫೀಸು ಯಾರು ಕಟ್ಟಿದ್ದು?” ಅಂದರು. ವಿಧಾನಸಭೆ ಎಲೆಕ್ಷನ್ ಖರ್ಚು ರಾಜ್ಯ ಸರ್ಕಾರದ್ದು ಅಜ್ಜಿ, ಹದಿನೈದು ಕ್ಷೇತ್ರಕ್ಕೂ ಅಂದೆ. “ಅಂದ್ರೆ ನಾವೇ” ಅಂದವರು, ಅವತ್ತು ನನಗೆ ಹಾಕಿಕೊಟ್ಟ ಮೊಳ ಸ್ವಲ್ಪ ಚಿಕ್ಕದಾಗಿಯೇ ಇತ್ತು.