ತರಗತಿಯಲ್ಲಿ ಫಿಟ್ಸ್ ಬಂದರೆ ಮೊದಲು ಗಡಿಯಾರ ನೋಡಿ

ಫಿಟ್ಸ್ ಬಂದ ಮಗುವಿನ ಕೈಗೆ ಕಬ್ಬಿಣದ ಕೀಲಿಕೈ ಕೊಡುವವರು, ಮೂಗಿಗೆ ಈರುಳ್ಳಿ ಹಿಡಿಯುವವರು ಇಂದಿಗೂ ಇದ್ದಾರೆ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಕೀಲಿಕೈಗೆ ಹೆಸರು ಬಂದದ್ದು ಹಾಗೆ. ಶಿಕ್ಷಕರು ಮೊದಲು ಸಮಯ ನೋಡಿಕೊಳ್ಳಬೇಕು. ಗಾಬರಿಯಲ್ಲಿ ಒಂದು ನಿಮಿಷವೇ ಹತ್ತಾಗಿ ಕಾಣುತ್ತದೆ, ಮುಂದಿನ ನಿರ್ಧಾರವೆಲ್ಲ ಆ ಲೆಕ್ಕದ ಮೇಲಿದೆ.

ಬೆಂಚು ಸರಿಸಿ, ತಲೆಯಡಿ ಮಡಚಿದ ಸ್ವೆಟರ್ ಇಡಿ. ಟೈ, ಐಡಿ ಕಾರ್ಡಿನ ದಾರ ಸಡಿಲಿಸಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಏನೂ ಹಾಕಬೇಡಿ: ನಾಲಿಗೆ ನುಂಗಿಹೋಗುವುದಿಲ್ಲ, ಆದರೆ ಚಮಚದಿಂದ ಹಲ್ಲು ಮುರಿಯಬಹುದು, ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಅದುರು ನಿಂತ ಕೂಡಲೇ ಮಗ್ಗುಲಿಗೆ ಹೊರಳಿಸಿ, ಜೊಲ್ಲು ಹೊರಗೆ ಹರಿಯಲಿ. ಆಮೇಲೆ ನಿದ್ದೆ ಮಾಡಲು ಬಿಡಿ.

ಐದು ನಿಮಿಷವಾದರೂ ನಿಲ್ಲದಿದ್ದರೆ, ಎಚ್ಚರವಾಗುವ ಮೊದಲೇ ಮತ್ತೆ ಬಂದರೆ, ಅಥವಾ ಇದೇ ಮೊದಲ ಸಲವಾದರೆ 108ಕ್ಕೆ ಕರೆ ಮಾಡಿ. ವೈದ್ಯರು ಫಿಟ್ಸ್ ನಿಲ್ಲಿಸುವ ಔಷಧವಾದ ಮಿಡಜೋಲಾಮ್ ಮೂಗಿನ ಸ್ಪ್ರೇ ಬರೆದುಕೊಟ್ಟಿದ್ದರೆ ಐದನೇ ನಿಮಿಷಕ್ಕೆ ಅದನ್ನು ಹಾಕಬೇಕು. ಸಾಮಾನ್ಯ ಪ್ರಮಾಣ ಕಿಲೋ ತೂಕಕ್ಕೆ 0.2 ಮಿ.ಗ್ರಾಂ. 20 ಕಿಲೋ ಮಗುವಿಗೆ 4 ಮಿ.ಗ್ರಾಂ, ಅಂದರೆ ಒಂದು ಒತ್ತಿಗೆ 0.5 ಮಿ.ಗ್ರಾಂ ಬರುವ ಬಾಟಲಿಯಲ್ಲಿ ಎಂಟು ಒತ್ತು, ಒಂದೊಂದು ಹೊಳ್ಳೆಗೆ ನಾಲ್ಕು. ಇದಕ್ಕಿಂತ ಗಾಢವಾದ ಬಾಟಲಿಗಳೂ ಸಿಗುತ್ತವೆ. ಹಾಗಾಗಿ ಎಷ್ಟು ಒತ್ತು ಎಂದು ವೈದ್ಯರಿಂದಲೇ ಬರೆಸಿ ಬಾಟಲಿಗೆ ಅಂಟಿಸಿರಬೇಕು. ಹೊಸ ಬಾಟಲಿಯ ಮೊದಲ ಕೆಲವು ಒತ್ತಿಗೆ ಬರೀ ಗಾಳಿ ಬರುತ್ತದೆ, ಹನಿ ಚಿಮ್ಮುವ ತನಕ ಹೊರಗೆ ಒತ್ತಿ ನೋಡಿ. ಮಗುವಿನ ತೂಕ ಏರಿದರೂ ಹಳೆಯ ಚೀಟಿಯೇ ಉಳಿದಿರುತ್ತದೆ. ಇನ್ನೂ ದೊಡ್ಡ ತೊಂದರೆ ಬೀಗ: ಮುಖ್ಯೋಪಾಧ್ಯಾಯರ ಬೀರುವಿನಲ್ಲಿಟ್ಟ ಔಷಧ ಅವರು ರಜೆಯಲ್ಲಿದ್ದ ದಿನ ಸಿಗುವುದಿಲ್ಲ. ತರಗತಿ ಶಿಕ್ಷಕರಿಗೆ ಕೈಗೆಟುಕುವಂತೆ, ಮಕ್ಕಳಿಗೆ ಎಟುಕದಂತೆ ಇಡಿ.

ಬೀಳದ, ಅದುರದ ಫಿಟ್ಸೂ ಇದೆ. ಮಗು ಐದಾರು ಸೆಕೆಂಡಿನಿಂದ ಇಪ್ಪತ್ತು ಸೆಕೆಂಡಿನವರೆಗೆ ಸುಮ್ಮನೆ ದಿಟ್ಟಿಸುತ್ತದೆ, ರೆಪ್ಪೆ ಪಟಪಟಿಸಬಹುದು, ಮತ್ತೆ ಏನೂ ಆಗದಂತೆ ಕೆಲಸ ಮುಂದುವರಿಸುತ್ತದೆ. ದಿನಕ್ಕೆ ಹತ್ತಾರು ಬಾರಿ ಬಂದರೂ ಮನೆಯವರಿಗೆ ತಿಳಿಯದೇ ಇರಬಹುದು. ಉಕ್ತಲೇಖನದ ಪುಸ್ತಕ ತೆಗೆದು ನೋಡಿ: ಸಾಲಿನ ನಡುವೆ ಎರಡು ಮೂರು ಪದವೇ ಇಲ್ಲ, ಒಂದು ಅಕ್ಷರ ಗೀಟಾಗಿ ಜಾರಿದೆ, ಅದರ ಮುಂದೆ ಮತ್ತೆ ದುಂಡಗಿನ ಬರಹ. ಇಂಥ ಪುಟಗಳನ್ನು ತಂದೆತಾಯಿಗೆ ತೋರಿಸಿ, ನೋಡಿದ ದಿನ, ಹೊತ್ತು ಬರೆದುಕೊಡಿ. 'ಗಮನವಿಲ್ಲ' ಎಂದು ಬೈಸಿಕೊಳ್ಳುತ್ತಾ ಒಂದು ಮಗು ವರ್ಷಗಟ್ಟಲೆ ಕೂರುವುದು ನಿಜಕ್ಕೂ ಅನ್ಯಾಯ.

ಖೋ-ಖೋ, ಕಬಡ್ಡಿಯಿಂದ ಫಿಟ್ಸ್ ಇರುವ ಮಕ್ಕಳನ್ನು ದೂರ ಇಡಬೇಕಿಲ್ಲ. ಈಜಿಗೆ ಮಾತ್ರ ಅವರ ಮೇಲೆಯೇ ಕಣ್ಣಿಟ್ಟ ಒಬ್ಬ ದೊಡ್ಡವರು ಬೇಕು. ಶಾಲಾ ಪ್ರವಾಸದಲ್ಲಿ ರಾತ್ರಿ ಬಸ್ಸಿನ ನಿದ್ದೆಗೇಡು, ತಪ್ಪಿದ ಮಾತ್ರೆ ಎರಡೂ ಸೇರಿದರೆ ಫಿಟ್ಸ್ ಮರುಕಳಿಸುವ ಸಾಧ್ಯತೆ ಹೆಚ್ಚು. ಮಾತ್ರೆಯ ಹೊತ್ತಿಗೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಎರಡು ದಿನದ ಹೆಚ್ಚುವರಿ ಮಾತ್ರೆ ಶಿಕ್ಷಕರ ಚೀಲದಲ್ಲಿರಲಿ.