ಇಂಡಲ್ಜೆನ್ಸ್ ಎಂದರೆ ಪಾಪದ ಕ್ಷಮೆಯಲ್ಲ

ಚರ್ಚಿನ ವಿರುದ್ಧ ದನಿಯೆತ್ತಿದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ ಬಗ್ಗೆ ಯಾರೇ ಬರೆಯಲಿ, 'ಚರ್ಚು ದುಡ್ಡಿಗೆ ಪಾಪಕ್ಷಮೆ ಮಾರುತ್ತಿತ್ತು' ಎಂಬ ಸಾಲು ಬಂದೇ ಬರುತ್ತದೆ. ಅಲ್ಲಿ ಹೇಳುತ್ತಿರುವುದು ಇಂಡಲ್ಜೆನ್ಸ್ ಬಗ್ಗೆ, ಅಂದರೆ ಚರ್ಚು ಕೊಡುವ ದಂಡನೆಯ ಮನ್ನಾ ಬಗ್ಗೆ. ಹಾಗಂದುಕೊಂಡರೆ ಲೂಥರ್‌ನ ತಕರಾರೇ ಅರ್ಥವಾಗುವುದಿಲ್ಲ.

ಕ್ಯಾಥೊಲಿಕ್ ಲೆಕ್ಕದಲ್ಲಿ ಪಾಪಕ್ಕೆ ಎರಡು ಭಾಗ: ಕುಲ್ಪಾ ಎಂದರೆ ದೋಷ, ಪೇನಾ ಎಂದರೆ ದಂಡನೆ. ಪಶ್ಚಾತ್ತಾಪಪಟ್ಟು ಪಾದ್ರಿಯೆದುರು ತಪ್ಪೊಪ್ಪಿಕೊಂಡರೆ ದೋಷ ಕಳೆಯುತ್ತದೆ, ನರಕವೂ ತಪ್ಪುತ್ತದೆ. ಆದರೂ ಒಂದಿಷ್ಟು ದಂಡನೆ ಉಳಿಯುತ್ತದೆ. ಅದನ್ನು ಉಪವಾಸ, ಯಾತ್ರೆ ಮಾಡಿ ಇಲ್ಲೇ ತೀರಿಸಬೇಕು, ಇಲ್ಲವೇ ಸತ್ತ ಮೇಲೆ ಪರ್ಗೆಟರಿಯಲ್ಲಿ, ಅಂದರೆ ಸ್ವರ್ಗಕ್ಕೆ ಹೋಗುವ ಮುನ್ನ ಆತ್ಮ ಶುದ್ಧಿಯಾಗುವ ಸ್ಥಿತಿಯಲ್ಲಿ, ಅನುಭವಿಸಬೇಕು. ಇಂಡಲ್ಜೆನ್ಸ್ ಮನ್ನಾ ಮಾಡುತ್ತಿದ್ದುದು ಈ ಉಳಿಕೆಯನ್ನು ಮಾತ್ರ. '40 ದಿನಗಳ ಇಂಡಲ್ಜೆನ್ಸ್' ಎಂದರೆ ಪರ್ಗೆಟರಿಯಲ್ಲಿ 40 ದಿನ ಕಡಿತ ಎಂದೂ ಅಲ್ಲ. 40 ದಿನದ ಪ್ರಾಯಶ್ಚಿತ್ತಕ್ಕೆ ಸಮ ಎಂದಷ್ಟೇ.

ಕೊಂಡವರ ಕೈಗೆ ಬರುತ್ತಿದ್ದ ಕಾಗದವನ್ನೇ ನೋಡಿ. 1454-55ರಲ್ಲಿ ಜರ್ಮನಿಯ ಮೈಂಜ್‌ನಲ್ಲಿ ಅಚ್ಚಾದ ಹಾಳೆಗಳು ಉಳಿದಿವೆ. ತುರ್ಕರ ವಿರುದ್ಧ ಸೈಪ್ರಸ್ ರಕ್ಷಣೆಗೆ ಹಣ ಕೂಡಿಸಲು ಮಾಡಿಸಿದವು. ಹೆಸರು, ತಾರೀಖು ಬರೆಯಲು ಖಾಲಿ ಜಾಗ. ಕೆಳಗೆ ಪಾದ್ರಿ ಓದಬೇಕಾದ ವಿಮೋಚನೆಯ ಎರಡು ವಾಕ್ಯಪಾಠಗಳು, ಒಂದು ಬದುಕಿರುವಾಗ, ಇನ್ನೊಂದು ಸಾಯುವ ಗಳಿಗೆಗೆ. ಅಂದರೆ ಕಾಗದ ತಾನಾಗಿ ಏನನ್ನೂ ಕ್ಷಮಿಸುತ್ತಿರಲಿಲ್ಲ. ತನಗೆ ಬೇಕಾದ ಪಾದ್ರಿಯ ಬಳಿ ಹೋಗಲು ಅದು ಪರವಾನಗಿ, ತಪ್ಪೊಪ್ಪಿಗೆ ಆಗಲೇಬೇಕಿತ್ತು.

ಹಳಿ ತಪ್ಪಿದ್ದು ಮುಂದೆ. 1476ರಲ್ಲಿ ಪೋಪ್ 4ನೇ ಸಿಕ್ಸ್ಟಸ್ ಈ ಸೌಲಭ್ಯವನ್ನು ಪರ್ಗೆಟರಿಯಲ್ಲಿರುವ ಆತ್ಮಗಳಿಗೂ ಚಾಚಿದ. ಸತ್ತವರು ತಪ್ಪೊಪ್ಪಿಕೊಳ್ಳಲಾರರು. ಹಾಗಾಗಿ ಮೈಂಜ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ತನ್ನ ಬೋಧಕರಿಗೆ ಕೊಟ್ಟ ಸೂಚನೆ, ಸತ್ತವರ ಪರವಾಗಿ ಹಣ ಹಾಕುವವರಿಗೆ ಪಶ್ಚಾತ್ತಾಪವೂ ಬೇಡ, ತಪ್ಪೊಪ್ಪಿಗೆಯೂ ಬೇಡ ಎಂದಿತು. ದರವೂ ಅಂತಸ್ತಿನ ಪ್ರಕಾರ: ರಾಜರು, ಬಿಷಪ್ಪರು 25 ಚಿನ್ನದ ಗುಲ್ಡನ್ ಕೊಡಬೇಕು, ಕೆಳಕ್ಕೆ ಬಂದಂತೆ ಕಡಿಮೆ, ಏನೂ ಇಲ್ಲದ ಬಡವನಿಗೆ ಪ್ರಾರ್ಥನೆ, ಉಪವಾಸ ಸಾಕು. ಬಂದ ಹಣದಲ್ಲಿ ಅರ್ಧ ರೋಮ್‌ನ ಸೇಂಟ್ ಪೀಟರ್ಸ್ ಕಟ್ಟಡಕ್ಕೆ, ಅರ್ಧ ಆಲ್ಬ್ರೆಕ್ಟ್ ಮಾಡಿದ್ದ ಸಾಲಕ್ಕಾಗಿ ಆಗ್ಸ್‌ಬರ್ಗ್‌ನ ಫುಗ್ಗರ್ ಎಂಬ ಲೇವಾದೇವಿ ಮನೆತನಕ್ಕೆ.

ಇದನ್ನೆಲ್ಲ ಪ್ರಶ್ನಿಸಿ ಲೂಥರ್ 1517ರಲ್ಲಿ ಬರೆದ 95 ವಾದಸೂತ್ರಗಳನ್ನು ಈಗ ಓದಿ. 35ನೆಯದು ಹೊಡೆಯುವುದು ಪಶ್ಚಾತ್ತಾಪ ಬೇಡವೆನ್ನುವ ಬೋಧನೆಯನ್ನೇ. 71ನೆಯದು ಇಂಡಲ್ಜೆನ್ಸಿನ ಸತ್ಯವನ್ನು ಅಲ್ಲಗಳೆಯುವವನನ್ನು ಶಪಿಸುತ್ತದೆ! ಇಂಡಲ್ಜೆನ್ಸನ್ನು ಲೂಥರ್ ಪೂರ್ತಿ ತಳ್ಳಿಹಾಕಿದ್ದು ಆಮೇಲೆ.

ಹಣಕ್ಕೆ ಕೊಡುವುದನ್ನು 1567ರಲ್ಲಿ ಪೋಪ್ 5ನೇ ಪಯಸ್ ರದ್ದು ಮಾಡಿದ. ಇಂಡಲ್ಜೆನ್ಸ್ ಮಾತ್ರ ಕ್ಯಾಥೊಲಿಕ್ ಚರ್ಚಿನಲ್ಲಿ ಇವತ್ತಿಗೂ ಇದೆ.